ಹುಲ್ಲು ಕೊಯ್ಯುವ ಕೈ

ತೋಟದ ಅಂದಕ್ಕೆಂದು ಬೆಳೆಸುವ ಹುಲ್ಲುಗಳ ಆರೈಕೆಯಲ್ಲಿ ನೀರು, ಗೊಬ್ಬರಗಳಿಗಿಂತ ದೊಡ್ಡ ಕೆಲಸ ಕೊಯ್ಲಿನದು. ಲಾವಂಚ, ಮಜ್ಜಿಗೆ ಹುಲ್ಲು, ಪೊರಕೆ ಹುಲ್ಲು, ನರ್ಸರಿಗಳಲ್ಲಿ ಸಿಗುವ ನೇರಳೆ ಬಣ್ಣದ ಫೌಂಟನ್ ಗ್ರಾಸ್ ಇವೆಲ್ಲ ಒಂದೇ ಬುಡದಿಂದ ಪೊದೆಯಾಗಿ ಏಳುತ್ತವೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ನೆಲದಿಂದ ಗೇಣುದ್ದ ಬಿಟ್ಟು ಇವನ್ನು ಸವರಬೇಕು. ಹುಲ್ಲುಹಾಸಾದರೆ ಮಳೆಗಾಲದಲ್ಲಿ ವಾರ ಹದಿನೈದು ದಿನಕ್ಕೊಮ್ಮೆ ಕತ್ತರಿ ಆಡಲೇಬೇಕು. ಗುಲಾಬಿಯನ್ನೋ ಮಲ್ಲಿಗೆಯನ್ನೋ ಹೆಚ್ಚಾಗಿ ನೀರೆರೆದು ಸಾಕುತ್ತಾರೆ. ಹುಲ್ಲನ್ನು ಕುಡುಗೋಲು ಹಿಡಿದು ಸಾಕುತ್ತಾರೆ. ಜೀವವಿರುವ ಒಂದನ್ನು ಕತ್ತರಿಸುತ್ತಲೇ ಸಾಕುವ ಈ ಕೆಲಸ ಹಿಂಸೆಯೋ ಅಲ್ಲವೋ ಎಂಬ ಪ್ರಶ್ನೆ ಭಾರತದ ಧರ್ಮಚಿಂತನೆಗೆ ಹಳೆಯದು. ವೈದಿಕ, ಜೈನ, ಬೌದ್ಧ ಪರಂಪರೆಗಳು ಮೂರೂ ಹುಲ್ಲನ್ನು ಹೆಸರಿಸಿಯೇ ಇದನ್ನು ಎತ್ತಿಕೊಂಡಿವೆ. ಹುಲ್ಲಿಗೆ ನೋವಾಗುತ್ತದೆಯೇ ಎಂಬಲ್ಲಿ ಅವು ಒಮ್ಮತಕ್ಕೆ ಬಂದಿಲ್ಲ. ಕೊಯ್ಯುವ ಕೈ ಹೇಗಿರಬೇಕು ಎಂಬಲ್ಲಿ ಮಾತ್ರ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತವೆ.

ಕೊಯ್ದರೂ ಸಾಯದ ಗಿಡ

ಪ್ರಶ್ನೆಯ ಬಿಗಿ ತಿಳಿಯಬೇಕಾದರೆ ಹುಲ್ಲಿನ ಬೆಳವಣಿಗೆಯನ್ನು ನೋಡಬೇಕು. ಹೆಚ್ಚಿನ ಗಿಡಗಳ ಬೆಳೆಯುವ ಕಣ್ಣು ತುದಿಯಲ್ಲಿರುತ್ತದೆ. ತುದಿ ಚಿವುಟಿದರೆ ಆ ರೆಂಬೆಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಹುಲ್ಲಿನ ಎಲೆ ಹಾಗಲ್ಲ, ಅದು ಬುಡದಿಂದ ಮೇಲಕ್ಕೆ ತಳ್ಳಿಕೊಂಡು ಬೆಳೆಯುತ್ತದೆ. ಚಿಗುರುವ ಜೀವಕೋಶಗಳು ಮಣ್ಣಿಗೆ ಅಂಟಿದಂತೆ, ಎಲೆಯ ಬುಡದಲ್ಲೂ ಗೆಣ್ಣಿನ ಮೇಲೂ ಅಡಗಿರುತ್ತವೆ. ದನ ಮೇಯ್ದರೂ ಕುಡುಗೋಲು ತಗುಲಿದರೂ ಹೋಗುವುದು ಹಳೆಯ ತುದಿ. ಬೆಳೆಯುವ ಭಾಗಕ್ಕೆ ಧಕ್ಕೆಯಿಲ್ಲ. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಕೂಳೆ ಬೆಳೆ ತೆಗೆಯುವ ರೈತ ನಂಬಿರುವುದು ಇದನ್ನೇ. ಕಬ್ಬೂ ಹುಲ್ಲಿನ ಕುಲದ್ದು. 11 ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲದಲ್ಲಿ ಭತ್ತ, ರಾಗಿ, ಜೋಳ, ಬಿದಿರು ಎಲ್ಲವೂ ಸೇರಿವೆ.

ಇನ್ನೊಂದು ಸಂಗತಿಯೂ ಇದೆ. ಪೊದೆಹುಲ್ಲನ್ನು ವರ್ಷಗಟ್ಟಲೆ ಕೊಯ್ಯದೆ ಬಿಟ್ಟರೆ ಒಣಗಿದ ಎಲೆಗಳು ಬುಡದಲ್ಲಿ ಗಿಡಿದುಕೊಂಡು ಹೊಸ ಸುಳಿಗೆ ಬೆಳಕು ತಲುಪದಂತೆ ಮಾಡುತ್ತವೆ. ಪೊದೆಯ ನಡುಭಾಗ ಬೋಳಾಗಿ, ಸುತ್ತ ಮಾತ್ರ ಬಳೆಯಂತೆ ಹಸಿರು ಉಳಿಯುತ್ತದೆ. ಬಯಲಿನಲ್ಲಿ ಈ ಒಣ ಹೊರೆಯನ್ನು ಇಳಿಸಲು ಜಿಂಕೆ, ದನ, ಕಾಳ್ಗಿಚ್ಚುಗಳಿವೆ. ಬೇಲಿ ಹಾಕಿದ ತೋಟಕ್ಕೆ ಅವು ಬರುವುದಿಲ್ಲ. ಹುಲ್ಲನ್ನು ನೆಟ್ಟು ದನ ಬಾರದಂತೆ ಕಾದವರು ದನದ ಬಾಯಿಯ ಕೆಲಸವನ್ನೂ ತಮ್ಮ ಮೇಲೆ ಹಾಕಿಕೊಂಡಂತಾಯಿತು. ಕೊಯ್ಯದಿದ್ದರೆ ಅಹಿಂಸೆ ಪಾಲಿಸಿದಂತೆ ಎಂಬ ಸರಳ ಉತ್ತರ ಇಲ್ಲಿ ನಿಲ್ಲುವುದಿಲ್ಲ.

ದರ್ಭೆಯ ಗೆಣ್ಣು

ವೈದಿಕ ಯಜ್ಞದಲ್ಲಿ ವೇದಿಯ ಮೇಲೆ ಹಾಸುವ ದರ್ಭೆಗೆ ಬರ್ಹಿಸ್ ಎಂದು ಹೆಸರು. ಅಮಾವಾಸ್ಯೆ ಹುಣ್ಣಿಮೆಗಳ ಇಷ್ಟಿ ಎಂಬ ಯಾಗಕ್ಕಾಗಿ ಅದನ್ನು ಕೊಯ್ದು ತರುವ ವಿಧಿ ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆಯಲ್ಲಿ ವಿವರವಾಗಿದೆ. ಯಜ್ಞದ ಕೆಲಸಗಳನ್ನು ನಡೆಸುವ ಅಧ್ವರ್ಯು ಎಂಬ ಪುರೋಹಿತ ಕುಡುಗೋಲನ್ನೋ ಕುದುರೆಯ ಪಕ್ಕೆಲುಬನ್ನೋ ಹಿಡಿದು ಹುಲ್ಲಿನ ಬಳಿಗೆ ಹೋಗುತ್ತಾನೆ. ಒಂದೆರಡು ಎಳೆಗಳನ್ನು ಕೊಯ್ಯದೆ, ಇದು ಹಸುಗಳ ಪಾಲು ಎಂದು ಬಿಡುತ್ತಾನೆ. ಆಮೇಲೆ ಹುಲ್ಲನ್ನೇ ಉದ್ದೇಶಿಸಿ ಮಾತನಾಡುತ್ತಾನೆ: ಉದ್ದಕ್ಕೆ ಸೀಳದೆ, ಓರೆಯಾಗಿ ಹರಿಯದೆ, ಸರಿಯಾಗಿ ಗೆಣ್ಣಿಗೇ ಕುಡುಗೋಲು ತಾಗಲಿ, ಕೊಯ್ಯುವವನಿಗೂ ಕೇಡಾಗದಿರಲಿ ಎಂಬುದು ಆ ಮಾತಿನ ಸಾರ. ಕೊಯ್ದಾದ ಮೇಲೆ ಉಳಿದ ಕೂಳೆಗೆ ನೂರು ಚಿಗುರಾಗಿ ಏಳೆಂದೂ ತಾವು ಸಾವಿರ ಕವಲಾಗಿ ಬೆಳೆಯುವಂತಾಗಲೆಂದೂ ಹಾರೈಸುತ್ತಾನೆ. ಯೂಪವೆಂಬ ಯಜ್ಞಕಂಬಕ್ಕೆ ಮರ ಕಡಿಯುವಾಗಲೂ ಇದೇ ಎಚ್ಚರವಿದೆ: ಕೊಡಲಿ ಬೀಳುವ ಜಾಗದಲ್ಲಿ ಒಂದು ದರ್ಭೆಯ ಎಳೆಯನ್ನಿಟ್ಟು, ಮರವನ್ನು ಕಾಪಾಡೆಂದು ಅದನ್ನು ಬೇಡಲಾಗುತ್ತದೆ.

ಈ ವಿಧಿಯನ್ನು ಎರಡು ರೀತಿ ಓದಬಹುದು. ಕಡಿಯುವವನು ತನ್ನ ಪಾಪಭಯವನ್ನು ಮಂತ್ರದಿಂದ ಮುಚ್ಚಿಕೊಳ್ಳುತ್ತಾನೆ ಎಂಬುದು ಒಂದು ಓದು. ಕಡಿಯುವುದು ಲಘುವಾದ ಕೆಲಸವಲ್ಲ ಎಂದು ಕೈಗೆ ನೆನಪಿಸುವ ಕ್ರಮ ಇದು ಎಂಬುದು ಇನ್ನೊಂದು. ಎರಡನೆಯ ಓದಿಗೆ ಮಾತಿನ ವಿವರವೇ ಬೆಂಬಲ ಕೊಡುತ್ತದೆ. ಗೆಣ್ಣಿಗೆ ಸರಿಯಾಗಿ ಕೊಯ್ದರೆ ಗಾಯ ಚಿಕ್ಕದು, ಚಿಗುರು ಬೇಗ. ಸೀಳಿದರೆ ಕಾಂಡ ಕೊಳೆಯುತ್ತದೆ. ಪ್ರಾರ್ಥನೆಯೊಳಗೆ ಒಳ್ಳೆಯ ಮಾಲಿಯ ಕೈಚಳಕವೂ ಅಡಕವಾಗಿದೆ.

ಇದರ ಛಾಯೆ ಕನ್ನಡ ನಾಡಿನ ಮನೆಗಳಲ್ಲಿ ಇಂದಿಗೂ ಕಾಣುತ್ತದೆ. ವರ್ಷಕ್ಕೆ ಬೇಕಾದ ದರ್ಭೆಯನ್ನು ಶ್ರಾವಣದ ಅಮಾವಾಸ್ಯೆಯಂದು ತರುವ ಪದ್ಧತಿಯಿದೆ. ಬೆನಕನ ಅಮಾವಾಸ್ಯೆ ಎಂದು ಕರೆಯುವ ಆ ದಿನದ ಬೆನ್ನಿಗೇ ಬರುವ ಚೌತಿಗೆ ಗಣಪನಿಗೆ 21 ಗರಿಕೆ ಏರಿಸುತ್ತಾರೆ. ಆರಿಸುವುದು ಮೂರೆಸಳಿನ ಎಳೆಯ ಕುಡಿಯನ್ನು, ಬೇರು ಕೀಳುವುದಿಲ್ಲ. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬಾರದು, ಅದು ಮಲಗಿರುತ್ತದೆ ಎಂದು ಹಿರಿಯರು ಮಕ್ಕಳ ಕೈ ತಡೆಯುತ್ತಾರೆ.

ಧರ್ಮಶಾಸ್ತ್ರ ಇನ್ನೂ ನೇರವಾಗಿ ಮಾತನಾಡುತ್ತದೆ. ಮನುಸ್ಮೃತಿಯ 1ನೆಯ ಅಧ್ಯಾಯ ಗಿಡಮರಗಳಿಗೆ ಒಳಗೊಳಗೇ ಅರಿವಿದೆ, ಸುಖದುಃಖಗಳೂ ಇವೆ ಎನ್ನುತ್ತದೆ. 11ನೆಯ ಅಧ್ಯಾಯ ಸುಮ್ಮಸುಮ್ಮನೆ ಸಸ್ಯಗಳನ್ನು ಕಡಿದವನಿಗೆ ಪ್ರಾಯಶ್ಚಿತ್ತ ಹೇಳುತ್ತದೆ: ಒಂದು ದಿನ ಹಾಲನ್ನಷ್ಟೇ ಕುಡಿದು ಹಸುವಿನ ಹಿಂದೆ ನಡೆಯಬೇಕು. ಎಲ್ಲಕ್ಕಿಂತ ಕುತೂಹಲದ ಮಾತು 4ನೆಯ ಅಧ್ಯಾಯದ್ದು. ಮಣ್ಣುಹೆಂಟೆಯನ್ನು ಸುಮ್ಮನೆ ಪುಡಿ ಮಾಡುವವನು, ಉಗುರು ಕಚ್ಚುವವನು, ಉಗುರಿನಿಂದ ಹುಲ್ಲು ಹರಿಯುವವನು ಬೇಗ ಕೆಡುತ್ತಾನೆ ಎಂದು ಅಲ್ಲಿ ಎಚ್ಚರಿಕೆ ಇದೆ. ಉದ್ಯಾನದ ಹುಲ್ಲಿನ ಮೇಲೆ ಕುಳಿತು ಹರಟುವವರ ಬೆರಳುಗಳು ಏನು ಮಾಡುತ್ತಿರುತ್ತವೆ ಎಂದು ಗಮನಿಸಿದವರಿಗೆ ಈ ಪಟ್ಟಿಯ ಗುರಿ ಅರ್ಥವಾಗುತ್ತದೆ. ಮಾತು ಮುಗಿದು ಎದ್ದಾಗ ಕುಳಿತಿದ್ದ ಜಾಗದ ಪಕ್ಕ ಒಂದು ಹಿಡಿ ಹುಲ್ಲು ಕಿತ್ತು ಬಿದ್ದಿರುತ್ತದೆ. ಕಿತ್ತವರಿಗೆ ಅದು ಗೊತ್ತೇ ಇರುವುದಿಲ್ಲ. ಹೋಮಕ್ಕೆ ಹೊರೆ ಹುಲ್ಲು ಕೊಯ್ಯಲು ವಿಧಿ ಕೊಟ್ಟ ಪರಂಪರೆಯೇ ಬೆರಳ ತುದಿಯ ನಾಲ್ಕು ಎಳೆಗಳನ್ನು ದೋಷವೆಂದಿತು. ಕೊಯ್ದ ಹುಲ್ಲಿನ ಪ್ರಮಾಣ ಅದರ ಲೆಕ್ಕಕ್ಕೆ ಬಂದಿಲ್ಲ.

ಭರತನ ಅಂಗಳ

ಹುಲ್ಲಿನ ಪ್ರಶ್ನೆಯನ್ನು ತುದಿಮುಟ್ಟ ಕೊಂಡೊಯ್ದದ್ದು ಜೈನಧರ್ಮ. ಅದರ ಪ್ರಕಾರ ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯ ಇವೆಲ್ಲ ಜೀವದ ಒಡಲುಗಳು. ಚಲಿಸುವ ಪ್ರಾಣಿಗಳು ಆರನೆಯ ಗುಂಪು. ಹುಲ್ಲು ಏಕೇಂದ್ರಿಯ ಜೀವಿ, ಅದಕ್ಕಿರುವುದು ಸ್ಪರ್ಶ ಒಂದೇ. ಆದರೂ ಸ್ಪರ್ಶ, ದೇಹಬಲ, ಉಸಿರು, ಆಯುಸ್ಸು ಎಂಬ ನಾಲ್ಕು ಪ್ರಾಣಗಳನ್ನು ಅದು ಹೊತ್ತಿದೆ. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನ ಗುರುವೆನಿಸಿದ್ದ ನೇಮಿಚಂದ್ರರ ಗೊಮ್ಮಟಸಾರ ಸಸ್ಯಗಳನ್ನು ಹುಟ್ಟುವ ರೀತಿಯಿಂದಲೇ ವಿಂಗಡಿಸುತ್ತದೆ: ಬೇರಿನಿಂದ, ತುದಿಯಿಂದ, ಗೆಣ್ಣಿನಿಂದ, ಗೆಡ್ಡೆಯಿಂದ, ಕಾಂಡದಿಂದ, ಬೀಜದಿಂದ ಹುಟ್ಟುವಂಥವು. ಒಂದು ಒಡಲಿಗೆ ಒಂದೇ ಜೀವವಿರುವ ಸಸ್ಯಗಳು ಬೇರೆ, ಒಂದೇ ಒಡಲನ್ನು ಅನಂತ ಜೀವಗಳು ಹಂಚಿಕೊಂಡಿರುವಂಥವು ಬೇರೆ. ಎಳೆಯ ಚಿಗುರಿನಲ್ಲಿ ಇಂಥ ಅನಂತ ಜೀವಗಳು ಇರುತ್ತವೆಂಬ ನಂಬಿಕೆಯಿಂದ ಹಸಿ ಮೊಳಕೆಗೆ ವಿಶೇಷ ಎಚ್ಚರ ಬಂದಿತು. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಡುವ ಜೈನ ಮನೆಗಳ ರೂಢಿಗೂ ಇದೇ ತಳಹದಿ.

ಈ ಎಚ್ಚರದ ಅತ್ಯುತ್ತಮ ಚಿತ್ರ 9ನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿದೆ. ಪಂಪ 941ರಲ್ಲಿ ಕನ್ನಡದಲ್ಲಿ ಆದಿಪುರಾಣ ಬರೆದದ್ದು ಇದೇ ಗ್ರಂಥದ ಆಧಾರದ ಮೇಲೆ. ದಿಗ್ವಿಜಯ ಮುಗಿಸಿದ ಭರತ ಚಕ್ರವರ್ತಿಗೆ ತನ್ನ ಸಂಪತ್ತನ್ನು ಯೋಗ್ಯರಿಗೆ ಕೊಡಬೇಕೆನಿಸುತ್ತದೆ. ಯೋಗ್ಯರು ಯಾರೆಂದು ತಿಳಿಯಬೇಕು. ಅವನು ಅರಮನೆಯ ಅಂಗಳದ ತುಂಬ ಹಸಿರು ಮೊಳಕೆ, ಹೂ, ಹಣ್ಣುಗಳನ್ನು ಹರಡಿಸಿ ಎಲ್ಲರನ್ನೂ ಕರೆಸುತ್ತಾನೆ. ವ್ರತವಿಲ್ಲದವರು ಹಸಿರನ್ನು ತುಳಿದುಕೊಂಡೇ ನೇರವಾಗಿ ಒಳಗೆ ಬರುತ್ತಾರೆ. ಕೆಲವರು ಹೊಸಿಲ ಆಚೆಗೇ ನಿಲ್ಲುತ್ತಾರೆ. ಏಕೆಂದು ಕೇಳಿದರೆ, ಪರ್ವದಿನದಲ್ಲಿ ಮೊಳಕೆಗಳನ್ನು ನೋಯಿಸಲಾರೆವು, ಅವುಗಳಲ್ಲಿ ಅನಂತ ಜೀವಗಳಿವೆ ಎನ್ನುತ್ತಾರೆ. ಭರತ ಅವರನ್ನು ಹಸಿರಿಲ್ಲದ ಬೇರೊಂದು ದಾರಿಯಿಂದ ಬರಮಾಡಿಕೊಂಡು ಯಜ್ಞೋಪವೀತ ಕೊಟ್ಟು ಗೌರವಿಸುತ್ತಾನೆ. ಜೈನ ಪುರಾಣದಲ್ಲಿ ದ್ವಿಜರ ಹುಟ್ಟು ಹೀಗೆ. ವಿದ್ಯೆ, ಕುಲ, ಪರಾಕ್ರಮ ಯಾವುದನ್ನೂ ಕೇಳದೆ, ಹಸಿರಿನ ಮೇಲೆ ಕಾಲಿಡುವ ಮುನ್ನ ಯಾರು ತಡೆದು ನಿಂತರು ಎಂಬುದನ್ನಷ್ಟೇ ಆ ಪರೀಕ್ಷೆ ನೋಡಿತು.

ಆದರೆ ಅದೇ ಪುರಾಣದಲ್ಲಿ ಭರತನ ತಂದೆ ವೃಷಭನಾಥ ಜನರಿಗೆ ಆರು ಕಸುಬುಗಳನ್ನು ಕಲಿಸುತ್ತಾನೆ. ಅವುಗಳಲ್ಲಿ ಕೃಷಿಯೂ ಒಂದು. ನೇಗಿಲು ಹೂಡಿದರೆ ಹುಲ್ಲೂ ಹುಳುವೂ ಸಾಯುತ್ತವೆ. ಈ ತೊಡಕನ್ನು ಜೈನ ಆಚಾರಶಾಸ್ತ್ರ ಹಿಂಸೆಯನ್ನು ನಾಲ್ಕಾಗಿ ಬಿಡಿಸಿ ನಿಭಾಯಿಸುತ್ತದೆ: ಕೊಲ್ಲಲೆಂದೇ ಮಾಡುವ ಸಂಕಲ್ಪೀ ಹಿಂಸೆ, ಅಡುಗೆ ಕಸಮುಸುರೆಯಂಥ ಮನೆಗೆಲಸದಲ್ಲಿ ಆಗುವ ಆರಂಭೀ ಹಿಂಸೆ, ಕಸುಬಿನಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ ಹಿಂಸೆ. ಮುನಿಗೆ ನಾಲ್ಕೂ ನಿಷಿದ್ಧ. ಅವನು ನೊಗದುದ್ದ ಮುಂದಿನ ನೆಲ ನೋಡಿಕೊಂಡು, ಹಸಿರು ತಪ್ಪಿಸಿ ನಡೆಯುತ್ತಾನೆ. ಗೃಹಸ್ಥನಿಗೆ ಮೊದಲನೆಯದು ಪೂರ್ಣ ನಿಷೇಧ. ಉಳಿದವನ್ನು ಕೈಲಾದಷ್ಟು ತಗ್ಗಿಸಬೇಕು.

ಸಂಸಾರಿಗೆ ಇನ್ನೊಂದು ವ್ರತವೂ ಇದೆ, ಅದು ತೋಟಕ್ಕೆ ನೇರವಾಗಿ ತಟ್ಟುತ್ತದೆ. ಅನರ್ಥದಂಡ ವಿರತಿ ಎಂದರೆ ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಪ್ರಮಾದಚರ್ಯೆ ಎಂಬ ಹೆಸರಿನಲ್ಲಿ ಅದರ ಉದಾಹರಣೆಗಳನ್ನು ಕೊಡುತ್ತದೆ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು. ಮನುವಿನ ಪಟ್ಟಿಯ ಮಣ್ಣುಹೆಂಟೆ, ಹುಲ್ಲೆಳೆ ಇಲ್ಲಿ ಮತ್ತೆ ಕಾಣಿಸುತ್ತವೆ. ಜೈನ ತತ್ತ್ವದಲ್ಲಿ ಹಿಂಸೆಯ ವ್ಯಾಖ್ಯೆಯೇ ಪ್ರಮಾದಕ್ಕೆ, ಅಂದರೆ ಮೈಮರೆವಿಗೆ, ಕಟ್ಟಿಕೊಂಡಿದೆ. ಗೊತ್ತಿಲ್ಲದೆ ಮಾಡಿದೆ ಎಂಬುದು ಅಲ್ಲಿ ಕ್ಷಮೆಗೆ ಕಾರಣವಲ್ಲ. ಗೊತ್ತುಮಾಡಿಕೊಳ್ಳದೆ ಹೋದದ್ದೇ ದೋಷ.

ಶ್ರವಣಬೆಳಗೊಳದ ಬಾಹುಬಲಿಯ ಕಾಲು ತೋಳುಗಳಿಗೆ ಬಳ್ಳಿ ಹಬ್ಬಿರುವುದನ್ನು ಈ ಬೆಳಕಿನಲ್ಲಿ ನೋಡಬಹುದು. ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ ಆ ಮೂರ್ತಿಯಲ್ಲಿ ಮನುಷ್ಯ ಗಿಡವನ್ನು ತಿದ್ದಿಲ್ಲ. ಅಲುಗದೆ ನಿಂತ ಅವನನ್ನೇ ಗಿಡ ಆಧಾರಗೋಲು ಮಾಡಿಕೊಂಡಿದೆ.

ನೆಟ್ಟರೂ ತಪ್ಪೇ?

ಬೋಧಗಯೆಯಲ್ಲಿ ಜ್ಞಾನೋದಯದ ಮುನ್ನ ಸೊತ್ಥಿಯನೆಂಬ ಹುಲ್ಲುಗಾರ ಬುದ್ಧನಿಗೆ ಎಂಟು ಹಿಡಿ ಹುಲ್ಲು ಕೊಟ್ಟನೆಂದು ಬೌದ್ಧ ಸಂಪ್ರದಾಯ ಹೇಳುತ್ತದೆ. ಕೊಯ್ದ ಹುಲ್ಲಿನ ಮೇಲೆ ಕುಳಿತು ಪಡೆದ ಜ್ಞಾನವದು. ಆದರೂ ಭಿಕ್ಷುಗಳ ನಡತೆಯ ಕಟ್ಟಳೆಗಳಾದ ವಿನಯದಲ್ಲಿ ಬದುಕಿರುವ ಸಸ್ಯವನ್ನು ಕೆಡಿಸುವುದು ತಪ್ಪಿನ ಪಟ್ಟಿಯಲ್ಲಿದೆ. ಬೇರು, ಕಾಂಡ, ಗೆಣ್ಣು, ತುದಿ, ಬೀಜ ಹೀಗೆ ಹುಟ್ಟುವ ಐದು ಬಗೆಯ ಸಸ್ಯಗಳಿಗೂ ಆ ನಿಯಮ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ವರ್ಷಾವಾಸದ ಹಿನ್ನೆಲೆಯೂ ಹುಲ್ಲೇ. ಭಿಕ್ಷುಗಳು ಮಳೆಯಲ್ಲೂ ತಿರುಗುತ್ತ ಹಸಿ ಹುಲ್ಲು ತುಳಿದು ಏಕೇಂದ್ರಿಯ ಜೀವಿಗಳನ್ನು ನೋಯಿಸುತ್ತಾರೆ, ಹಕ್ಕಿಗಳಾದರೂ ಮಳೆಗಾಲಕ್ಕೆ ಗೂಡು ಕಟ್ಟಿ ಕೂರುತ್ತವೆ ಎಂದು ಜನ ಆಡಿಕೊಂಡ ಮೇಲೆ ಬುದ್ಧ ಈ ಕಟ್ಟಳೆ ತಂದನೆಂದು ವಿನಯದ ಮಹಾವಗ್ಗ ಹೇಳುತ್ತದೆ. ಗಿಡದಲ್ಲಿ ಜೀವವಿದೆಯೆಂದು ಜನ ಭಾವಿಸುತ್ತಾರೆ ಎಂಬುದನ್ನೇ ವಿನಯ ಕಾರಣವಾಗಿ ಕೊಡುತ್ತದೆ. ಇದೆಯೇ ಇಲ್ಲವೇ ಎಂದು ತೀರ್ಪು ಕೊಡುವುದಿಲ್ಲ. ಹುಲ್ಲಿನ ನೋವು ಸಾಬೀತಾಗುವವರೆಗೆ ಕಾಯದೆ ನಡತೆಯನ್ನು ತಿದ್ದಿಕೊಂಡ ಉದಾಹರಣೆ ಇದು.

ಅಂದದ ತೋಟಕ್ಕೆ ಇನ್ನೂ ಹತ್ತಿರದ ಕಥೆ ಕೀಟಾಗಿರಿಯದು. ಅಲ್ಲಿನ ಕೆಲವು ಭಿಕ್ಷುಗಳು ಹೂಗಿಡ ನೆಟ್ಟು, ನೀರೆರೆದು, ಹೂ ಕಿತ್ತು, ಮಾಲೆ ಕಟ್ಟಿ ಮನೆಮನೆಗೆ ಕಳಿಸುತ್ತಿದ್ದರು. ವಿನಯ ಅವರನ್ನು ಕಟುವಾಗಿ ಖಂಡಿಸುತ್ತದೆ. ಕೀಳುವುದರ ಜೊತೆಗೆ ನೆಡುವುದನ್ನೂ ತಪ್ಪುಗಳ ಸಾಲಿಗೆ ಸೇರಿಸಿದ್ದು ಗಮನಾರ್ಹ. ಗಿಡದ ನೋವಿಗಿಂತ ಇಲ್ಲಿ ಮುಖ್ಯವಾದದ್ದು ನೆಡುವವನ ಮನಸ್ಸು: ತೋಟ ಮೆಚ್ಚಿಸುವ ಸಾಧನವಾಯಿತು, ಭಿಕ್ಷು ಅದಕ್ಕೆ ಅಂಟಿಕೊಂಡ.

ಹುಲ್ಲಿಗೆ ಅರಿವುಂಟೇ?

ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜರ ಸಂವಾದವೊಂದಿದೆ. ಮರಗಳು ಕೇಳುವುದಿಲ್ಲ, ನೋಡುವುದಿಲ್ಲ, ಅವು ಪಂಚಭೂತಗಳಿಂದ ಆದವೆಂದು ಹೇಗೆ ಒಪ್ಪುವುದು ಎಂದು ಭರದ್ವಾಜ ಕೇಳುತ್ತಾನೆ. ಭೃಗು ತೋಟಗಾರನ ಕಣ್ಣಿನಿಂದ ಉತ್ತರಿಸುತ್ತಾನೆ: ಬಿಸಿಲಿಗೆ ಎಲೆ ಬಾಡುವುದು ಸ್ಪರ್ಶ, ಗುಡುಗಿನ ಸದ್ದಿಗೆ ಹೂ ಕಾಯಿ ಉದುರುವುದು ಶ್ರವಣ, ಬಳ್ಳಿ ದಾರಿ ಹುಡುಕಿ ಹತ್ತುವುದು ದೃಷ್ಟಿ, ಧೂಪಕ್ಕೆ ರೋಗ ವಾಸಿಯಾಗುವುದು ಘ್ರಾಣ, ಬೇರು ನೀರು ಕುಡಿಯುವುದು ರುಚಿ. ಯವನ ದೇಶದಲ್ಲಿ ಅರಿಸ್ಟಾಟಲ್ ಬೇರೆ ದಾರಿ ಹಿಡಿದ. ಸಸ್ಯಕ್ಕೆ ಉಣ್ಣುವ, ಬೆಳೆಯುವ, ಸಂತಾನ ಬೆಳೆಸುವ ಆತ್ಮವಿದೆ, ಸಂವೇದಿಸುವ ಆತ್ಮವಿಲ್ಲ ಎಂದ.

1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದ ಜಗದೀಶಚಂದ್ರ ಬೋಸರು ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಯಂತ್ರ ಮಾಡಿ, ಪೆಟ್ಟು ಬಿದ್ದಾಗ ಗಿಡ ಪ್ರತಿಕ್ರಿಯಿಸುತ್ತದೆಂದು ತೋರಿಸಿದರು. ಈಗಂತೂ ಕತ್ತರಿಸಿದ ಹುಲ್ಲಿನಿಂದ ಏಳುವ ಪರಿಮಳವೇ ಗಾಯಗೊಂಡ ಎಲೆಗಳು ಹೊರಬಿಡುವ ರಾಸಾಯನಿಕಗಳ ಮಿಶ್ರಣವೆಂದು ತಿಳಿದಿದೆ; ಹುಳು ಕಡಿದಾಗಲೂ ಸಸ್ಯಗಳು ಅಂಥದ್ದನ್ನೇ ಬಿಡುತ್ತವೆ, ಪಕ್ಕದ ಗಿಡಗಳು ಅದರಿಂದ ಎಚ್ಚರಗೊಳ್ಳಬಲ್ಲವು. ಇಷ್ಟರಿಂದ ನೋವು ಸಿದ್ಧವಾಗುವುದಿಲ್ಲ. ನರ, ಮಿದುಳುಗಳಿಲ್ಲದ ಸಸ್ಯಕ್ಕೆ ಪ್ರಜ್ಞೆ ಇಲ್ಲ, ಅದರ ಅಗತ್ಯವೂ ಇಲ್ಲ ಎಂದು ಲಿಂಕನ್ ಟೇಯ್ಜ್ ಮತ್ತು ಸಂಗಡಿಗರು 2019ರಲ್ಲಿ ವಾದಿಸಿದರು. ಹೆಚ್ಚಿನ ಜೀವವಿಜ್ಞಾನಿಗಳ ಒಲವು ಆ ಕಡೆಗೇ. ಪ್ರತಿಕ್ರಿಯೆ ಒಂದು, ಅನುಭವ ಇನ್ನೊಂದು. ಭೃಗುವಿನ ವಾದ ಮೊದಲನೆಯದನ್ನು ಸ್ಥಾಪಿಸಿ ಎರಡನೆಯದಕ್ಕೆ ಹಾರಿತು.

ನೋವಿಲ್ಲವೆಂದಾದರೆ ಪ್ರಶ್ನೆ ಮುಗಿಯಿತೇ? ಸ್ವಿಟ್ಜರ್ಲೆಂಡ್ ತನ್ನ ಸಂವಿಧಾನದಲ್ಲಿ ಜೀವಿಗಳ ಘನತೆಯ ಮಾತನ್ನು 1992ರಲ್ಲಿ ಸೇರಿಸಿತು. ಸಸ್ಯಗಳ ಮಟ್ಟಿಗೆ ಅದರ ಅರ್ಥವೇನೆಂದು ಅಲ್ಲಿನ ಸರ್ಕಾರದ ನೈತಿಕ ಸಮಿತಿ 2008ರಲ್ಲಿ ವರದಿ ಕೊಟ್ಟಿತು. ಸಸ್ಯಕ್ಕೆ ಅನುಭವವಿದೆಯೇ ಎಂಬಲ್ಲಿ ಸದಸ್ಯರು ಒಂದಾಗಲಿಲ್ಲ. ಆದರೆ ಮನಬಂದಂತೆ ಸಸ್ಯಕ್ಕೆ ಹಾನಿ ಮಾಡುವುದು ತಪ್ಪು ಎಂಬಲ್ಲಿ ಎಲ್ಲರೂ ಒಂದಾದರು. ಕಾರಣವಿಲ್ಲದೆ ದಾರಿಬದಿಯ ಕಾಡುಹೂಗಳ ತಲೆ ಹಾರಿಸುವುದು ಅವರು ಕೊಟ್ಟ ಉದಾಹರಣೆ. ಮನು, ಸಮಂತಭದ್ರರ ಹೆಸರನ್ನು ಪ್ರಸ್ತಾಪಿಸದ ಒಂದು ಸಮಿತಿ ಹುಲ್ಲು ಹರಿಯುವ ಉಗುರಿನ ಹತ್ತಿರವೇ ಬಂದು ನಿಂತಿತು.

ಅಂದವೂ ಒಂದು ಪ್ರಯೋಜನವೇ?

ಇಲ್ಲಿ ಅಲಂಕಾರದ ಹುಲ್ಲಿಗೇ ವಿಶೇಷವಾದ ತೊಡಕು ಎದುರಾಗುತ್ತದೆ. ಭತ್ತ ಕೊಯ್ಯುವುದಕ್ಕೆ ಹಸಿವಿದೆ, ದರ್ಭೆ ಕೊಯ್ಯುವುದಕ್ಕೆ ಕರ್ಮವಿದೆ, ಮೇವು ಕೊಯ್ಯುವುದಕ್ಕೆ ದನವಿದೆ. ಕಣ್ಣಿಗೆ ಚಂದವೆಂದು ಬೆಳೆಸಿದ ಹುಲ್ಲನ್ನು ಸವರುವುದಕ್ಕೆ ಏನಿದೆ? ಭಿಕ್ಷುವಿನ ಕಟ್ಟಳೆಯಂತೆ ಏನೂ ಇಲ್ಲ. ಜೈನ ಗೃಹಸ್ಥನಿಗೆ ಇದು ಭೋಗದ ಸಾಲಿಗೆ ಬರುತ್ತದೆ. ಭೋಗವನ್ನು ಪೂರ್ತಿ ಬಿಡಲಾರದವನು ಅದಕ್ಕೊಂದು ಮಿತಿ ಹಾಕಿಕೊಳ್ಳಬೇಕೆಂದು ಇನ್ನೊಂದು ವ್ರತ ಹೇಳುತ್ತದೆ. ಮಹಾಭಾರತದಲ್ಲಿ ಮಾಂಸ ಮಾರಿ ಬದುಕುವ ಧರ್ಮವ್ಯಾಧ ಇನ್ನೂ ಸಡಿಲವಾಗಿ, ಆದರೆ ನಿಷ್ಠುರವಾಗಿ ನುಡಿಯುತ್ತಾನೆ: ನೇಗಿಲಿನ ಕೆಳಗೆ ಜೀವಗಳು ಸಾಯುತ್ತವೆ, ಭತ್ತದ ಕಾಳೂ ಜೀವವೇ, ಹಿಂಸೆಯಿಲ್ಲದೆ ಬದುಕುವವನು ಲೋಕದಲ್ಲಿ ಯಾರೂ ಇಲ್ಲ, ಎಚ್ಚರದಿಂದ ಕಡಿಮೆ ಮಾಡಬಹುದಷ್ಟೇ.

ಮಿತಿ ಎಂಬ ಈ ಮಾತನ್ನು ತೋಟಕ್ಕೆ ತಂದರೆ ಲೆಕ್ಕ ಹುಲ್ಲಿನ ಆಚೆಗೂ ಚಾಚುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ನೀರಿನ ಕೊರತೆಯಿಂದ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂಥ ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಹರಿಸಿದ ನೀರು ಬೇರೆಯವರ ಕೊಡದ್ದು. ಒಣನೆಲಕ್ಕೆ ಒಗ್ಗಿದ ಪೊದೆಹುಲ್ಲು ಆ ದೃಷ್ಟಿಯಿಂದ ಕಡಿಮೆ ಹೊರೆ. ಆಫ್ರಿಕಾ ಮೂಲದ ಫೌಂಟನ್ ಗ್ರಾಸಿನ ಬೀಜಕಟ್ಟುವ ತಳಿ ಹವಾಯಿಯಲ್ಲಿ ತೋಟದ ಬೇಲಿ ದಾಟಿ ಕಾಡು ಹೊಕ್ಕು ಬೆಂಕಿಗೆ ಮೇವಾಯಿತು. ಆದ್ದರಿಂದ ನೆಡುವ ಮೊದಲೇ ತಳಿ ವಿಚಾರಿಸುವುದೂ ಅಹಿಂಸೆಯ ಭಾಗ. ಕಳೆ ಎಂಬ ಪದಕ್ಕೂ ಇದೇ ಎಚ್ಚರ ಬೇಕು. ಚೌತಿಯ ಗರಿಕೆ ರಾಗಿ ಹೊಲದಲ್ಲಿ ಕಳೆ. ಗಿಡ ಎರಡೂ ಕಡೆ ಒಂದೇ, ಕಳೆತನವಿರುವುದು ಜಾಗದಲ್ಲಿ. ಹಾಗಿದ್ದೂ ಕೀಳುವುದು ಕೊಯ್ಯುವುದಕ್ಕಿಂತ ಬೇರೆ. ಕೊಯ್ದದ್ದು ಚಿಗುರುತ್ತದೆ, ಬೇರುಸಹಿತ ಕಿತ್ತದ್ದು ಮುಗಿಯುತ್ತದೆ. ಅದಕ್ಕೆ ಹೆಚ್ಚು ಗಟ್ಟಿಯಾದ ಕಾರಣ ಇರಬೇಕು.

ಕೊಯ್ಲಿನ ದಿನ ಇವೆಲ್ಲ ಕೆಲವೇ ಸರಳ ಕ್ರಮಗಳಾಗಿ ಇಳಿಯುತ್ತವೆ. ಪೊದೆಯನ್ನು ಮೊದಲು ಕೋಲಿನಿಂದ ಮೆಲ್ಲಗೆ ಅಲುಗಿಸಿ ಸ್ವಲ್ಪ ಹೊತ್ತು ಕಾಯಬೇಕು. ಕಪ್ಪೆ, ಓತಿಕ್ಯಾತ, ಕೆಲವೊಮ್ಮೆ ಹಾವು ಅಲ್ಲಿಂದ ಹೊರಡುತ್ತವೆ. ರಾಟವಾಳದ ಗೂಡಿದ್ದರೆ ಮರಿಗಳು ಹಾರುವವರೆಗೆ ಕೆಲಸ ಮುಂದಕ್ಕೆ ಹಾಕಬೇಕು, ಏಕೆಂದರೆ ಜೈನ ಲೆಕ್ಕದಲ್ಲೂ ಇಂದಿನ ವಿಜ್ಞಾನದ ಲೆಕ್ಕದಲ್ಲೂ ಹಕ್ಕಿಯ ಮರಿ ಹುಲ್ಲಿಗಿಂತ ಹೆಚ್ಚು ನೋಯುವ ಜೀವ. ಆಮೇಲೆ ಪೊದೆಯನ್ನು ಹಗ್ಗದಿಂದ ಬಿಗಿದು, ಹರಿತವಾದ ಕುಡುಗೋಲಿನಿಂದ ಗೇಣುದ್ದ ಬಿಟ್ಟು ಕೊಯ್ಯಬೇಕು; ಮೊಂಡು ಅಲಗು ಕಾಂಡ ಸೀಳುತ್ತದೆ. ಕೊಯ್ದ ಹುಲ್ಲು ಬುಡಕ್ಕೆ ಮುಚ್ಚಿಗೆಯಾಗಿ ಅಥವಾ ದನಕ್ಕೆ ಮೇವಾಗಿ ಹೋಗಬೇಕು, ಬೆಂಕಿಗಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ನಡುಭಾಗ ಬೋಳಾದಾಗ ಬುಡವನ್ನು ಅಗೆದು, ಬೇರು ಚಿಗುರು ಎರಡೂ ಇರುವಂತೆ ಸೀಳಿ, ಸತ್ತ ನಡುವನ್ನು ತೆಗೆದು, ಉಳಿದ ತುಂಡುಗಳನ್ನು ಬೇರೆ ಬೇರೆ ನೆಡುತ್ತಾರೆ. ಒಂದು ಪೊದೆ ನಾಲ್ಕಾಗುತ್ತದೆ. ಅವುಗಳಲ್ಲಿ ಮೊದಲಿನದು ಯಾವುದು ಎಂದು ಹೇಳಲು ಬರುವುದಿಲ್ಲ. ನಾಲ್ಕಕ್ಕೂ ಅಂದೇ ನೀರು ಹಾಕಬೇಕು.